ಆರು ತಿಂಗಳಾಗುತ್ತಾ ಬಂತು, ನೋವಿಲ್ಲ: ಮಗಳು ಮತ್ತೆ ಕಬಡ್ಡಿ ಆಡಬಹುದೇ?

ಪ್ರಶ್ನೆ: ನಾವು ಮೂಲತಃ ಕಾರ್ಕಳದ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ನನ್ನ ಮಗಳಿಗೆ 19 ವರ್ಷ, ಪದವಿಯ ಎರಡನೇ ವರ್ಷ, ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಪಂದ್ಯವೊಂದರಲ್ಲಿ ಬೋನಸ್ ಗೆರೆ ದಾಟಿ ಹಿಂದಕ್ಕೆ ತಿರುಗುವಾಗ ಎಡ ಮೊಣಕಾಲು ಒಳಕ್ಕೆ ವಾಲಿ ‘ಟಪ್’ ಎಂದು ಸದ್ದಾಯಿತು. ರಾತ್ರಿಯೊಳಗೆ ಊದಿಕೊಂಡಿತು. ಉಳುಕು ಎಂದುಕೊಂಡು ಎರಡು ವಾರ ಎಣ್ಣೆ ಹಾಕಿ ತಿಕ್ಕಿಸಿದೆವು, ವಾಸಿಯಾದಂತೆಯೇ ಇತ್ತು. ಆಮೇಲೊಂದು ದಿನ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಕಾಲು ಕುಸಿದು ಬಿದ್ದಳು. ಎಂಆರ್‌ಐ ಮಾಡಿಸಿದರೆ ಎಸಿಎಲ್ (ಮೊಣಕಾಲಿನೊಳಗಿನ ಲಿಗಮೆಂಟು) ಪೂರ್ತಿ ಹರಿದಿದೆ, ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಕೂಡ ಹರಿದಿದೆ ಎಂದು ಬಂತು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಶಸ್ತ್ರಚಿಕಿತ್ಸೆ ಮಾಡಿದರು, ಮೆನಿಸ್ಕಸ್‌ಗೆ ಹೊಲಿಗೆ ಹಾಕಿದರು. ಈಗ ಐದೂವರೆ ತಿಂಗಳು. ನೋವಿಲ್ಲ, ಚೆನ್ನಾಗಿ ನಡೆಯುತ್ತಾಳೆ. ಫಿಸಿಯೋಥೆರಪಿಯನ್ನು ಮೂರನೇ ತಿಂಗಳಿಗೆ ನಿಲ್ಲಿಸಿದೆವು. ಆದರೆ ಎಡ ತೊಡೆ ಸಣ್ಣದಾಗಿ ಕಾಣುತ್ತದೆ. ನನ್ನ ಹೆಂಡತಿ ಟೇಪು ಹಿಡಿದು ಅಳೆದಾಗ ಮೂರು ಸೆಂಟಿಮೀಟರ್ ವ್ಯತ್ಯಾಸ ಬಂತು. ಇನ್ನು ಮೂರು ವಾರಕ್ಕೆ ವಿಶ್ವವಿದ್ಯಾಲಯ ತಂಡದ ಟ್ರಯಲ್ಸ್. ‘ಆರು ತಿಂಗಳಿಗೆ ಮೈದಾನಕ್ಕೆ ಇಳಿಯಬಹುದು’ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೊಣಕಾಲಿಗೆ ಬಿಗಿ ಬಟ್ಟೆಯ ‘ನೀ ಕ್ಯಾಪ್’ ಹಾಕಿಕೊಂಡು ಆಡಲಿ ಎನ್ನುತ್ತಾರೆ ಕೋಚ್. ಶಸ್ತ್ರಚಿಕಿತ್ಸೆಯೇ ಬೇಕಿರಲಿಲ್ಲ, ನನ್ನ ಸಹೋದ್ಯೋಗಿಗೆ ಹಾಗೆಯೇ ವಾಸಿಯಾಯಿತು ಎನ್ನುತ್ತಾರೆ ನನ್ನ ಭಾವ. ಹುಡುಗಿಯರ ಮೊಣಕಾಲಿಗೆ ಈ ಆಟ ಹೇಳಿಸಿದ್ದಲ್ಲ, ಬಿಡಿಸಿಬಿಡಿ ಎನ್ನುತ್ತಾರೆ ನಮ್ಮ ಅತ್ತೆಯವರು. ಏನು ಮಾಡಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಮೂರು ವಾರದ ನಂತರದ ಟ್ರಯಲ್ಸ್‌ಗೆ ಮಗಳನ್ನು ಕಳುಹಿಸಬೇಡಿ. ಕಬಡ್ಡಿಯನ್ನು ಬಿಡಿಸಲೂ ಬೇಡಿ.

ನೀವು ಬರೆದ ಅಷ್ಟೂ ವಿವರಗಳಲ್ಲಿ ನನ್ನ ಕಣ್ಣು ನಿಂತದ್ದು ನಿಮ್ಮ ಹೆಂಡತಿ ಅಳೆದ ಆ ಮೂರು ಸೆಂಟಿಮೀಟರ್ ಮೇಲೆ. ಡಾಕ್ಟರು ಹೇಳಿದ ತಿಂಗಳ ಲೆಕ್ಕ, ಕೋಚ್ ಹೇಳಿದ ನೀ ಕ್ಯಾಪ್, ನೋವಿಲ್ಲ ಎಂಬ ಸಮಾಧಾನ, ಇವೆಲ್ಲಕ್ಕಿಂತ ಹೆಚ್ಚು ಸತ್ಯವನ್ನು ಆ ಟೇಪು ಹೇಳಿದೆ. ಠಾಣೆ, ಮುಲುಂಡ್, ಡೊಂಬಿವಲಿ ಕಡೆಯಿಂದ ನನ್ನ ಬಳಿಗೆ ಬರುವ ಆಟಗಾರರಲ್ಲಿ ಹೆಚ್ಚಿನವರು ಇದೇ ಘಟ್ಟದಲ್ಲಿರುತ್ತಾರೆ: ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿರುತ್ತದೆ, ಮೊಣಕಾಲು ಪೂರ್ತಿ ಮಡಚುತ್ತದೆ, ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ, ತೊಡೆ ಮಾತ್ರ ಸೊರಗಿರುತ್ತದೆ.

ಎಸಿಎಲ್ ಎಂಬುದು ಮೊಣಕಾಲಿನ ನಟ್ಟನಡುವೆ ಓರೆಯಾಗಿ ಹಾದುಹೋಗುವ ಗಟ್ಟಿ ಪಟ್ಟಿ. ತೊಡೆಯೆಲುಬಿನ ಹಿಂಬದಿಯಿಂದ ಹೊರಟು ಕಾಲಿನ ದಪ್ಪ ಮೂಳೆಯ ಮುಂಭಾಗಕ್ಕೆ ಅಂಟಿಕೊಂಡಿರುತ್ತದೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವುದು, ಕಾಲು ಊರಿ ತಿರುಗುವಾಗ ಮೂಳೆಗಳ ತಿರುಚನ್ನು ಹಿಡಿತದಲ್ಲಿಡುವುದು ಅದರ ಕೆಲಸ. ಸೀದಾ ನಡೆಯುವಾಗ, ಸೈಕಲ್ ತುಳಿಯುವಾಗ ಅದಕ್ಕೆ ಅಷ್ಟೇನೂ ಶ್ರಮವಿಲ್ಲ. ಹರಿದ ಎಸಿಎಲ್ ಇಟ್ಟುಕೊಂಡೇ ವರ್ಷಗಟ್ಟಲೆ ಆಫೀಸಿಗೆ ಓಡಾಡುವವರು ಮುಂಬೈಯಲ್ಲಿ ಎಷ್ಟೋ ಜನರಿದ್ದಾರೆ. ರೈಡರ್ ಮಾಡುವುದಾದರೂ ಏನು? ಓಡಿಬಂದು, ಒಂದೇ ಕಾಲಿನ ಮೇಲೆ ಗಕ್ಕನೆ ನಿಂತು, ಮೈಯನ್ನು ತಿರುಗಿಸಿ ಮಧ್ಯರೇಖೆಗೆ ಹಾರುವುದು. ಎಸಿಎಲ್ ಮೇಲೆ ಇದಕ್ಕಿಂತ ಹೆಚ್ಚು ಭಾರ ಹಾಕುವ ಚಲನೆ ಕಡಿಮೆ. ನಿಮ್ಮ ಮಗಳನ್ನು ಆಗ ಯಾರೂ ಹಿಡಿದಿರಲಿಲ್ಲ ಅಲ್ಲವೇ? ಬಹುಪಾಲು ಎಸಿಎಲ್ ಹರಿಯುವುದು ಹೀಗೆಯೇ, ಯಾರ ಡಿಕ್ಕಿಯೂ ಇಲ್ಲದೆ. ‘ಟಪ್’ ಎಂಬ ಸದ್ದು, ಕೆಲವೇ ಗಂಟೆಗಳಲ್ಲಿ ಊತ: ಇವೆರಡೂ ಒಟ್ಟಿಗೆ ಬಂದರೆ ಉಳುಕು ಎಂದು ತಿಕ್ಕಿಸಬಾರದು. ಅಷ್ಟು ಬೇಗ ಬರುವ ಊತ ಸಾಮಾನ್ಯವಾಗಿ ಕೀಲಿನೊಳಗೆ ರಕ್ತ ತುಂಬಿದ್ದರ ಗುರುತು. ಮೆಟ್ಟಿಲ ಮೇಲೆ ಕಾಲು ಕುಸಿದಾಗಲೇ ಮೆನಿಸ್ಕಸ್ ಹರಿಯಿತೋ, ಮೊದಲೇ ಹರಿದಿತ್ತೋ ಎಂದು ಈಗ ಹೇಳಲಾಗದು. ಆದರೆ ಕಾಲು ಕುಸಿದಷ್ಟು ಸಲವೂ ಎರಡು ಮೂಳೆಗಳ ನಡುವಿನ ಆ ಮೆತ್ತೆಗೆ ಗಂಡಾಂತರ. ಆದದ್ದಾಯಿತು, ಇದನ್ನು ಓದುವ ಬೇರೆ ತಂದೆತಾಯಿಯರಿಗೆ ಉಪಯೋಗವಾಗಲಿ ಎಂದು ಬರೆದೆ.

ಈಗ ನೋವಿನ ವಿಷಯ. ನೋವಿಲ್ಲ ಎಂದರೆ ಗುಣವಾಗಿದೆ ಎಂದು ನಾವೆಲ್ಲ ನಂಬುತ್ತೇವೆ. ಹಲ್ಲಿಗೆ, ಹೊಟ್ಟೆಗೆ ಅದು ಸರಿಯಿರಬಹುದು. ಎಸಿಎಲ್ ಶಸ್ತ್ರಚಿಕಿತ್ಸೆಯಾದ ಕಾಲಿಗೆ ಆ ಲೆಕ್ಕ ನಡೆಯುವುದಿಲ್ಲ. ಹರಿದ ಎಸಿಎಲ್‌ನ ಬದಲಿಗೆ ಮೊಣಕಾಲಿನೊಳಗೆ ಕೂರಿಸಿದ ಗ್ರಾಫ್ಟ್ ಮೊದಲು ತೊಡೆಯಲ್ಲಿದ್ದ ಸ್ನಾಯುರಜ್ಜು. ಅದನ್ನು ಕಿತ್ತಾಗಲೇ ಅದರ ರಕ್ತಸಂಚಾರವೂ ನರಗಳೂ ಕಡಿದುಹೋಗಿರುತ್ತವೆ. ಹೊಸ ಜಾಗದಲ್ಲಿ ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ನುಗ್ಗುತ್ತವೆ, ಹೊಸ ಕೋಶಗಳು ಬಂದು ನಾರನ್ನು ಮತ್ತೆ ಹೆಣೆಯುತ್ತವೆ. ವಿಚಿತ್ರವೆಂದರೆ, ಅಳವಡಿಸಿದ ದಿನಕ್ಕಿಂತ ಎರಡು–ಮೂರು ತಿಂಗಳಾದಾಗ ಗ್ರಾಫ್ಟ್ ಹೆಚ್ಚು ದುರ್ಬಲವಾಗಿರುತ್ತದೆ. ಅಂದರೆ ಹುಡುಗಿಗೆ ‘ನಾನೀಗ ಸರಿಯಾದೆ’ ಎನಿಸುವ ಹೊತ್ತೇ ಗ್ರಾಫ್ಟ್ ಸೊರಗಿರುವ ಹೊತ್ತು. ಅಲ್ಲಿಂದ ಮುಂದೆ ಅದು ಗಟ್ಟಿಯಾಗುತ್ತಾ ಹೋಗುವ ಕೆಲಸ ಒಂದು ವರ್ಷ ದಾಟಿಯೂ ನಡೆದಿರುತ್ತದೆ. ಹಳೆಯ ಎಸಿಎಲ್‌ನಲ್ಲಿ ‘ಮೊಣಕಾಲು ಈಗ ಯಾವ ಕೋನದಲ್ಲಿದೆ’ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳಿದ್ದವು. ಗ್ರಾಫ್ಟ್‌ನಲ್ಲಿ ಅವು ಮೊದಲಿನಂತೆ ಇರುವುದಿಲ್ಲ. ಹಾಗಾಗಿ ಅಪಾಯದ ಭಂಗಿಗೆ ಹೋದರೂ ಕಾಲು ಎಚ್ಚರಿಸುವುದು ತಡ.

ಅಂದ ಹಾಗೆ, ಮೊಣಕಾಲಿನ ಕೆಳಗೆ ಗಾಯದ ಪಕ್ಕದಲ್ಲಿ ಅಂಗೈ ಅಗಲದ ಜಾಗ ಮರಗಟ್ಟಿದಂತಿದೆ ಎಂದು ಅವಳು ಹೇಳಿದರೆ ಗಾಬರಿಯಾಗಬೇಡಿ. ಸ್ನಾಯುರಜ್ಜು ತೆಗೆಯುವಾಗ ಚರ್ಮದ ಸಣ್ಣ ನರಕ್ಕೆ ತಾಗುವುದು ಸಾಮಾನ್ಯ. ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ತೊಡೆಗೆ ಬರೋಣ. ಮೊಣಕಾಲಿನಲ್ಲಿ ನೀರು ತುಂಬಿ ಊದಿದಾಗ, ಕೀಲಿನಿಂದ ಬರುವ ಸಂಕೇತಗಳಿಂದಾಗಿ ನರಮಂಡಲ ತೊಡೆಯ ಮುಂಭಾಗದ ಸ್ನಾಯುವನ್ನು ತಾನಾಗಿಯೇ ತಗ್ಗಿಸಿಬಿಡುತ್ತದೆ. ಹುಡುಗಿ ಸೋಮಾರಿ ಎಂದಲ್ಲ. ಬಿಗಿಹಿಡಿ ಎಂದು ಅವಳು ಹೇಳಿದರೂ ಸ್ನಾಯು ಅರ್ಧ ಮಾತ್ರ ಓಗೊಡುತ್ತದೆ. ಪೆಟ್ಟಾದಾಗ ಒಮ್ಮೆ, ಶಸ್ತ್ರಚಿಕಿತ್ಸೆಯಾದಾಗ ಇನ್ನೊಮ್ಮೆ, ಎರಡು ಸಲ ಈ ಹೊಡೆತ ಬಿದ್ದಿರುತ್ತದೆ. ಹೀಗೆ ಕರಗಿದ ಸ್ನಾಯು ನಡೆದಾಡುವುದರಿಂದ ಮರಳಿ ಬರುವುದಿಲ್ಲ. ಕಾಲನ್ನು ನೇರ ಮಾಡಿ ಹತ್ತು ಸಲ ಎತ್ತಿ ಇಳಿಸುವುದರಿಂದಲೂ ಬರುವುದಿಲ್ಲ. ಭಾರ ಬೇಕು, ವಾರದಿಂದ ವಾರಕ್ಕೆ ಏರುವ ಭಾರ.

ನಮ್ಮ ವೃತ್ತಿಯವರ, ಅಂದರೆ ಫಿಸಿಯೋಗಳ ಬಗ್ಗೆಯೇ ಒಂದು ಮಾತು ಹೇಳಬೇಕು. ಫಿಸಿಯೋಥೆರಪಿ ಎಂದರೆ ಮಂಚದ ಮೇಲೆ ಮಲಗಿಸಿ, ಪ್ಯಾಡ್ ಅಂಟಿಸಿ, ಕರೆಂಟಿನ ಮಷಿನ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟುಬಿಡುವುದು ಎಂದಾಗಿಬಿಟ್ಟಿದೆ. ಮೊದಲ ಕೆಲವು ವಾರ ಸ್ನಾಯುವನ್ನು ಎಬ್ಬಿಸಲು ಒಂದು ಬಗೆಯ ಮಷಿನ್‌ನಿಂದ ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೂರನೇ ತಿಂಗಳಲ್ಲೂ ಅದೇ ಮಷಿನ್, ಅದೇ ಬಿಸಿ ಶಾಖ, ಅದೇ ಮಂಚ ಎಂದಾದರೆ ಅಲ್ಲಿ ಆಟಗಾರ್ತಿ ತಯಾರಾಗುವುದಿಲ್ಲ. ಆಸ್ಪತ್ರೆಯ ಬಿಲ್ಲನ್ನು ಕಟ್ಟುವ ವಿಮೆ ಹೊರಗಿನ ಫಿಸಿಯೋಥೆರಪಿಯ ಖರ್ಚನ್ನು ಕೊಡುವುದು ಅಪರೂಪ, ಅದೂ ನನಗೆ ಗೊತ್ತು. ಹೀಗಾಗಿ ನಡಿಗೆ ಸರಿಹೋದ ಕೂಡಲೇ ಜನ ನಿಲ್ಲಿಸುತ್ತಾರೆ. ಕ್ರೀಡೆಗೆ ಮರಳುವವರ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ನಂಬಿಕೆ ಬಾರದಿದ್ದರೆ ಒಂದು ಕೆಲಸ ಮಾಡಿ. ಡೊಂಬಿವಲಿ ಸ್ಟೇಷನ್ನಿನ ಪಾದಚಾರಿ ಸೇತುವೆ ಇಳಿಯುವಾಗ ಮಗಳ ಹಿಂದೆ ನಿಂತು ನೋಡಿ. ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ, ಅದು ಸಿಗುವುದೇ ಕಷ್ಟ. ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಡುವಾಗ ಮೇಲೆ ಉಳಿದ ಎಡಗಾಲು ಇಡೀ ಮೈಭಾರವನ್ನು ನಿಧಾನವಾಗಿ ಇಳಿಸಬೇಕು. ಅಲ್ಲಿ ಅವಳು ತಟ್ಟನೆ ಬೀಳುವಂತೆ ಇಳಿಯುತ್ತಾಳೆಯೇ? ಕೈ ಕಂಬಿಗೆ ಹೋಗುತ್ತದೆಯೇ? ಎಡ ಮೊಣಕಾಲು ಒಳಕ್ಕೆ, ಬಲಗಾಲಿನತ್ತ ವಾಲುತ್ತದೆಯೇ? ಎಡಗಾಲಿನ ಮೆಟ್ಟಿಲುಗಳನ್ನು ಮಾತ್ರ ಅವಸರದಲ್ಲಿ ಮುಗಿಸುತ್ತಾಳೆಯೇ? ಮೆಟ್ಟಿಲು ಇಳಿಸಲಾರದ ತೊಡೆ, ಮೂವರು ಎದುರಾಳಿಗಳು ಕೈಕೈ ಹಿಡಿದು ಸರಪಳಿ ಕಟ್ಟಿ ಬರುವಾಗ ಅವಳನ್ನು ತಿರುಗಿಸಿ ತರಲಾರದು.

‘ಆರು ತಿಂಗಳು’ ಎಂಬ ಮಾತಿನ ಬಗ್ಗೆ. ನಿಮ್ಮ ಸರ್ಜನ್ ತಪ್ಪು ಹೇಳಿದರು ಎಂದು ನಾನು ಹೇಳಲಾರೆ. ಆರನೇ ತಿಂಗಳ ಸುಮಾರಿಗೆ ಮೈದಾನದಲ್ಲಿ ಓಟ, ಹಗುರ ಅಭ್ಯಾಸ ಶುರುಮಾಡಬಹುದು ಎಂಬುದು ಅವರ ಮಾತಿನ ಅರ್ಥವಾಗಿರಬೇಕು. ಅದು ಕೋಚ್ ಕಿವಿಗೆ ತಲುಪುವಾಗ ‘ಪಂದ್ಯ ಆಡಬಹುದು’ ಎಂದಾಗಿದೆ. ನಾರ್ವೆಯಲ್ಲಿ ಶಸ್ತ್ರಚಿಕಿತ್ಸೆಯಾದ 106 ಜನರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಇಳಿಯುತ್ತಾ ಹೋಯಿತು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಸ್ನಾಯುಬಲ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗದೆಯೇ ಮರಳಿದವರಲ್ಲಿ ನೂರಕ್ಕೆ 38 ಜನರಿಗೆ ಮತ್ತೆ ಪೆಟ್ಟಾಯಿತು. ಪಾಸಾಗಿ ಮರಳಿದವರಲ್ಲಿ ನೂರಕ್ಕೆ ಆರಕ್ಕಿಂತ ಕಡಿಮೆ. ಅಧ್ಯಯನ ಚಿಕ್ಕದು, ಅಂಕಿಗಳನ್ನು ವೇದವಾಕ್ಯ ಮಾಡಿಕೊಳ್ಳುವ ಅಗತ್ಯವಿಲ್ಲ. ಆದರೆ ದಿಕ್ಕು ಸ್ಪಷ್ಟ, ನನ್ನ ಅನುಭವವೂ ಅದೇ ದಿಕ್ಕಿನದು. ಅವಳ ವಯಸ್ಸನ್ನೂ ಗಮನಿಸಿ. 25 ವರ್ಷದೊಳಗಿನವರು ಶಸ್ತ್ರಚಿಕಿತ್ಸೆಯ ನಂತರ ಕ್ರೀಡೆಗೆ ಮರಳಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎರಡನೇ ಎಸಿಎಲ್ ಗಾಯವಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡುಬಂದಿದೆ. ಅದೇ ಕಾಲಿಗೇ ಆಗಬೇಕೆಂದಿಲ್ಲ, ಇದುವರೆಗೆ ಗಟ್ಟಿಯಿದ್ದ ಇನ್ನೊಂದು ಕಾಲಿಗೂ ಆಗುತ್ತದೆ.

ಹಾಗಾದರೆ ಒಂಬತ್ತು ತಿಂಗಳು ಕ್ಯಾಲೆಂಡರ್ ನೋಡುತ್ತಾ ಕುಳಿತರೆ ಸಾಕೇ? ಸಾಲದು. ಒಂಬತ್ತು ತಿಂಗಳು ಸುಮ್ಮನೆ ಕುಳಿತ ಕಾಲು ಒಂಬತ್ತು ತಿಂಗಳ ಹಳೆಯ ದುರ್ಬಲ ಕಾಲು, ಅಷ್ಟೇ. ಒಂಬತ್ತು ತಿಂಗಳಿಗೆ ಮೊದಲು ಬೇಡ, ಆಮೇಲೂ ಪರೀಕ್ಷೆ ಪಾಸಾಗದೆ ಬೇಡ, ಇಷ್ಟು ನನ್ನ ಲೆಕ್ಕ.

ಪರೀಕ್ಷೆ ಎಂದರೆ ಏನೇನು? ಮೊಣಕಾಲಿನಲ್ಲಿ ಊತ ಇರಬಾರದು, ವ್ಯಾಯಾಮದ ಮರುದಿನವೂ ಬರಬಾರದು. ಕಾಲು ಪೂರ್ತಿ ನೇರವಾಗಬೇಕು, ಬಲಗಾಲಿನಷ್ಟೇ. ಮಂಚದ ಮೇಲೆ ಬೋರಲು ಮಲಗಿ ಎರಡೂ ಪಾದಗಳನ್ನು ಅಂಚಿನಿಂದ ಹೊರಗೆ ಬಿಟ್ಟರೆ ಹಿಮ್ಮಡಿಗಳು ಒಂದೇ ಮಟ್ಟದಲ್ಲಿರಬೇಕು. ಎಡ ಹಿಮ್ಮಡಿ ಎರಡು ಬೆರಳು ಮೇಲಿದ್ದರೆ ಕಾಲು ಇನ್ನೂ ಪೂರ್ತಿ ಚಾಚುತ್ತಿಲ್ಲ ಎಂದರ್ಥ, ಸರ್ಜನ್‌ಗೆ ತೋರಿಸಿ. ಆಮೇಲೆ ಬಲದ ಅಳತೆ. ಕ್ರೀಡಾ ಪುನಶ್ಚೇತನ ಕೇಂದ್ರಗಳಲ್ಲಿ ಇದಕ್ಕೆ ಯಂತ್ರವಿರುತ್ತದೆ. ಇಲ್ಲವಾದರೆ ಜಿಮ್ಮಿನ ಲೆಗ್ ಎಕ್ಸ್‌ಟೆನ್ಷನ್ ಮಷಿನ್‌ನಲ್ಲಿ ಒಂದೊಂದೇ ಕಾಲಿನಿಂದ, ತಿಳಿದವರ ಎದುರಿಗೆ ಅಳೆಯಬಹುದು. ಬಲಗಾಲು 40 ಕಿಲೋ ಎತ್ತಿದರೆ ಎಡಗಾಲು ಕನಿಷ್ಠ 36 ಎತ್ತಬೇಕು, ಅಂದರೆ ಶೇಕಡ 90. ಇಲ್ಲೊಂದು ಮೋಸವಿದೆ: ಆರು ತಿಂಗಳು ಆಟವಿಲ್ಲದೆ ಬಲಗಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ ಶೇಕಡ 90 ಎಂದರೆ ಹೆಚ್ಚೇನಲ್ಲ. ಹಾಗಾಗಿ ಮೈತೂಕಕ್ಕೆ ಹೋಲಿಸಿಯೂ ನೋಡುತ್ತೇವೆ. ನಿಮ್ಮ ಟೇಪಿನ ಅಳತೆ ಒಂದು ಸುಳಿವು ಮಾತ್ರ, ಸುತ್ತಳತೆ ಸರಿಹೋದರೂ ಬಲ ಬಂದಿರಬೇಕೆಂದಿಲ್ಲ.

ಒಂಟಿಕಾಲಿನ ಜಿಗಿತಗಳಿವೆ: ಒಂದೇ ನೆಗೆತ, ಸತತ ಮೂರು ನೆಗೆತ, ಗೆರೆಯ ಆಚೆಗೂ ಈಚೆಗೂ ಅಡ್ಡಡ್ಡ ನೆಗೆತ, ಆರು ಮೀಟರ್ ದೂರವನ್ನು ಕುಂಟುತ್ತಾ ಎಷ್ಟು ಬೇಗ ದಾಟುತ್ತಾಳೆ ಎಂಬುದು. ನಮ್ಮ ಊರಿನ ಕುಂಟೆಬಿಲ್ಲೆಯನ್ನು ಅಳತೆಪಟ್ಟಿ ಹಿಡಿದು ಆಡಿಸಿದಂತೆ. ದೂರ ಎಷ್ಟು ಎಂಬುದಕ್ಕಿಂತ ಇಳಿದದ್ದು ಹೇಗೆ ಎಂಬುದನ್ನು ನಾನು ಹೆಚ್ಚು ನೋಡುತ್ತೇನೆ. ಜಾಣ ದೇಹ ಮೊಣಕಾಲಿನ ಪಾಲಿನ ಕೆಲಸವನ್ನು ಸೊಂಟಕ್ಕೂ ಪಾದದ ಗಂಟಿಗೂ ದಾಟಿಸಿ ದೂರವನ್ನು ಸರಿದೂಗಿಸಿಬಿಡುತ್ತದೆ. ಮೊಬೈಲಿನಲ್ಲಿ ಎದುರಿನಿಂದಲೂ ಪಕ್ಕದಿಂದಲೂ ವಿಡಿಯೋ ಮಾಡಿ ನಿಧಾನಗತಿಯಲ್ಲಿ ನೋಡಿದರೆ ಕಳ್ಳಾಟ ಸಿಕ್ಕಿಬೀಳುತ್ತದೆ. ಕೊನೆಯದು ಮನಸ್ಸು. ಇದನ್ನು ಅಳೆಯಲೂ ಹನ್ನೆರಡು ಪ್ರಶ್ನೆಗಳ ಒಂದು ಪಟ್ಟಿ ಇದೆ. ಹೆದರಿಕೆಯಿಂದ ಅರೆಮನಸ್ಸಿನಲ್ಲಿ ಕಾಲಿಡುವ ರೈಡರ್ ತಡವಾಗಿ ತಿರುಗುತ್ತಾಳೆ, ಸಿಕ್ಕಿಬೀಳುತ್ತಾಳೆ. ‘ನಿನಗೆ ಹೆದರಿಕೆ ಇದೆಯೇ’ ಎಂದು ಕೋಚ್ ಎದುರು, ಅಪ್ಪನ ಎದುರು ಕೇಳಿದರೆ ಇಲ್ಲವೆಂದೇ ಹೇಳುತ್ತಾಳೆ. ಅವಳನ್ನು ಒಂಟಿಯಾಗಿ ಕೇಳುವವರು ಒಬ್ಬರಿರಲಿ.

ನೀ ಕ್ಯಾಪ್ ಹಾಕಿಕೊಳ್ಳಲಿ, ಬೆಚ್ಚಗಿರುತ್ತದೆ, ಧೈರ್ಯ ಬರುತ್ತದೆ. ಕಾಲು ಊರಿ ಮೈ ತಿರುಗುವಾಗಿನ ಬಲವನ್ನು ಆ ಬಟ್ಟೆ ತಡೆಯುವುದಿಲ್ಲ. ಲೋಹದ ಪಟ್ಟಿಯ ದುಬಾರಿ ಬ್ರೇಸ್‌ಗಳೂ ಮರುಗಾಯವನ್ನು ತಪ್ಪಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆಡುವ ಮೊದಲು ಇನ್ನೊಂದು ಎಂಆರ್‌ಐ ಮಾಡಿಸೋಣವೇ ಎಂದು ಕೇಳುವವರಿದ್ದಾರೆ. ಗ್ರಾಫ್ಟ್ ಅಲ್ಲಿದೆಯೇ ಎಂದು ಅದು ತೋರಿಸುತ್ತದೆ, ಆಡಲು ತಯಾರಾಗಿದೆಯೇ ಎಂದು ತೋರಿಸದು. ಕಾರ್ಕಳದಿಂದ ಎಣ್ಣೆ ಬರುತ್ತಿದ್ದರೆ ತೊಡೆಗೆ ಧಾರಾಳವಾಗಿ ಹಚ್ಚಿ, ಹಿತವಾಗಿರುತ್ತದೆ. ಮೊಣಕಾಲನ್ನು ತಿರುಚಿ ನೆಟಿಗೆ ತೆಗೆಯಲು ಮಾತ್ರ ಯಾರಿಗೂ ಬಿಡಬೇಡಿ. ಪುಡಿ, ಮಾತ್ರೆಗಳಿಗೆ ಇಡುವ ದುಡ್ಡನ್ನು ಮೊಟ್ಟೆ, ಹಾಲು, ಕಾಳು, ಮೀನಿಗೆ ಇಟ್ಟರೆ ತೊಡೆಗೆ ಹೆಚ್ಚು ಲಾಭ.

ನಿಮ್ಮ ಭಾವ ಹೇಳುವುದು ಪೂರ್ತಿ ಸುಳ್ಳಲ್ಲ. ಸ್ವೀಡನ್‌ನಲ್ಲಿ 121 ಯುವಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಮೇಲೆ ಶಸ್ತ್ರಚಿಕಿತ್ಸೆ ಎಂದು ನೋಡಿದರು. ಫಲಿತಾಂಶ ಬಂದದ್ದು 2010ರಲ್ಲಿ. ಎರಡು ವರ್ಷದ ಕೊನೆಗೆ ಎರಡೂ ಗುಂಪಿನವರ ಮೊಣಕಾಲಿನ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ವ್ಯಾಯಾಮದ ಗುಂಪಿನ 59 ಜನರಲ್ಲಿ 23 ಮಂದಿ ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ. ಹರಿದ ಎಸಿಎಲ್ ತಾನಾಗಿ ಕೂಡುವುದೇ ಇಲ್ಲ ಎಂಬ ಹಳೆಯ ಪಾಠವನ್ನೂ ಈಗ ಮತ್ತೆ ಪರಿಶೀಲಿಸುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಮೊಣಕಾಲನ್ನು ನಾಲ್ಕು ವಾರ 90 ಡಿಗ್ರಿಯಲ್ಲಿ ಬ್ರೇಸ್ ಹಾಕಿ ಬಿಗಿದಿಟ್ಟ 80 ಜನರಲ್ಲಿ, ಮೂರು ತಿಂಗಳ ಎಂಆರ್‌ಐ ಹತ್ತರಲ್ಲಿ ಒಂಬತ್ತು ಜನರಿಗೆ ಕೂಡುವ ಲಕ್ಷಣ ತೋರಿಸಿತೆಂದು 2023ರಲ್ಲಿ ವರದಿಯಾಯಿತು. ಆದರೆ ಅಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಗಾಯವಾದ ಕೆಲವು ವಾರಗಳೊಳಗೇ ಶುರುಮಾಡಬೇಕು. ನಿಮ್ಮ ಭಾವನ ಸಹೋದ್ಯೋಗಿ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಾಗಿರಬಹುದು. ನಿಮ್ಮ ಮಗಳು ತಿರುಗಿ ಹಾರುವ ಆಟದವಳು, ಅವಳ ಕಾಲು ಮೆಟ್ಟಿಲ ಮೇಲೆಯೇ ಕುಸಿದಿತ್ತು, ಮೆನಿಸ್ಕಸ್ ಹೊಲಿಗೆ ಕೇಳುತ್ತಿತ್ತು. ಅವಳ ಪಾಲಿಗೆ ಶಸ್ತ್ರಚಿಕಿತ್ಸೆ ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಶಸ್ತ್ರಚಿಕಿತ್ಸೆಯಾಯಿತು, ಇನ್ನು ಮುಂದೆ ಸಂಧಿವಾತ ಬರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಒಮ್ಮೆ ಹೀಗೆ ಪೆಟ್ಟಾದ ಮೊಣಕಾಲು ವರ್ಷಗಳ ಮೇಲೆ ಸವೆಯುವ ಸಂಭವ, ಕೊಯ್ದರೂ ಕೊಯ್ಯದಿದ್ದರೂ, ಇತರರಿಗಿಂತ ಹೆಚ್ಚು. ಎರಡನೇ ಸಲ ಪೆಟ್ಟಾಗಬಾರದು ಎಂದು ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಅತ್ತೆಯವರ ಮಾತು. ಒಂದೇ ಬಗೆಯ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಗಾಯ ಹೆಚ್ಚು, ಇದು ನಿಜ. ಕಾರಣ ಒಂದಲ್ಲ. ನೆಗೆದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುವುದು, ಮೂಳೆಯ ಆಕಾರ, ಹಾರ್ಮೋನುಗಳ ಪಾತ್ರ, ಹೀಗೆ ಚರ್ಚೆ ನಡೆದೇ ಇದೆ. ನಾನು ಕಣ್ಣಾರೆ ಕಾಣುವ ಕಾರಣ ಬೇರೊಂದು: ನಮ್ಮ ಹುಡುಗಿಯರಿಗೆ ಆಟ ಕಲಿಸುತ್ತಾರೆ, ಭಾರ ಎತ್ತಿಸುವುದಿಲ್ಲ. ಜಿಮ್ಮಿಗೆ ಹೋದರೆ ಮೈ ಗಂಡಸರಂತಾಗುತ್ತದೆ ಎಂದು ಮನೆಯವರೇ ತಡೆಯುತ್ತಾರೆ. ಸ್ನಾಯುಬಲ, ನೆಗೆತ, ಸಮತೋಲನ ಸೇರಿಸಿದ ಇಪ್ಪತ್ತು ನಿಮಿಷದ ಪೂರ್ವಾಭ್ಯಾಸವನ್ನು ವಾರಕ್ಕೆ ಎರಡು–ಮೂರು ಸಲ ತಪ್ಪದೆ ಮಾಡಿಸಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ. ಫುಟ್‌ಬಾಲ್‌ಗಾಗಿ ಫಿಫಾ ರೂಪಿಸಿದ ‘11+’ ಅದಕ್ಕೆ ಒಳ್ಳೆಯ ಮಾದರಿ, ಕಬಡ್ಡಿಗೂ ಹೊಂದಿಸಿಕೊಳ್ಳಬಹುದು. ಭಾರತ ಕಬಡ್ಡಿ ತಂಡದ ನಾಯಕತ್ವ ವಹಿಸಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ನಿಮ್ಮ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರೇ ಎಂಬುದನ್ನು ಅತ್ತೆಯವರಿಗೆ ನೆನಪಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ಈ ಟ್ರಯಲ್ಸ್ ಆಡಿಸುವುದು ಒಂದು. ಆಯ್ಕೆಯಾಗಲೂಬಹುದು. ಆದರೆ ಆಯ್ಕೆಯಾದ ಮೇಲೆ ಟೂರ್ನಿ, ದಿನಕ್ಕೆರಡು ಪಂದ್ಯ, ದಣಿದ ಕಾಲು. ಗ್ರಾಫ್ಟ್ ಹರಿದರೆ ಎರಡನೇ ಶಸ್ತ್ರಚಿಕಿತ್ಸೆಗೆ ಇನ್ನೊಂದು ಕಡೆಯಿಂದ ಸ್ನಾಯುರಜ್ಜು ತೆಗೆಯಬೇಕು, ಅದರ ಫಲಿತಾಂಶ ಸಾಮಾನ್ಯವಾಗಿ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲ, ಹೊಲಿದ ಮೆನಿಸ್ಕಸ್ಸೂ ಕೈಬಿಟ್ಟು ಹೋಗಬಹುದು. ಒಂದು ಟ್ರಯಲ್ಸ್‌ಗೆ ಇದು ತುಂಬಾ ದುಬಾರಿ.

ನಾನು ಒತ್ತಾಯಿಸುವುದು ಎರಡನೆಯ ದಾರಿಯನ್ನು: ಈ ಹಂಗಾಮು ಬಿಟ್ಟು, ಮುಂದಿನ ವರ್ಷದ ಟ್ರಯಲ್ಸ್‌ಗೆ ಸಿದ್ಧಪಡಿಸುವುದು. ಅವಳಿಗೆ ಇನ್ನೂ ಒಂದು ವರ್ಷ ಕಾಲೇಜಿದೆ. ಇದರಲ್ಲೂ ಅಪಾಯವಿಲ್ಲವೆಂದಲ್ಲ. ಆಸಕ್ತಿ ಕುಂದಬಹುದು, ಜಾಗಕ್ಕೆ ಬೇರೆಯವರು ಬರಬಹುದು. ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಶೇಕಡ 80 ಮಂದಿ ಯಾವುದೋ ಒಂದು ಆಟಕ್ಕೆ ಮರಳುತ್ತಾರೆ, ಹಳೆಯ ಮಟ್ಟ ಮುಟ್ಟುವವರು ಸುಮಾರು ಶೇಕಡ 65, ಸ್ಪರ್ಧಾತ್ಮಕ ಆಟಕ್ಕೆ ಮರಳುವವರು ಅರ್ಧಕ್ಕಿಂತ ತುಸು ಹೆಚ್ಚು. ಇದನ್ನು ಮಗಳಿಂದ ಮುಚ್ಚಿಡಬೇಡಿ. ಕುಸ್ತಿಪಟು ವಿನೇಶ್ ಫೋಗಟ್ ಅವರಿಗೆ 2023ರ ಆಗಸ್ಟ್‌ನಲ್ಲಿ ಇಲ್ಲೇ ಮುಂಬೈಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ, ಮರುವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದ್ದನ್ನು ಅವಳು ನಿಮಗೇ ಹೇಳಿರಬಹುದು. ಕಾರು ಅಪಘಾತದಲ್ಲಿ ಮೊಣಕಾಲಿನ ಲಿಗಮೆಂಟುಗಳು ಹರಿದ ಕ್ರಿಕೆಟಿಗ ರಿಷಭ್ ಪಂತ್ ಅವರಿಗೂ ಶಸ್ತ್ರಚಿಕಿತ್ಸೆಯಾದದ್ದು ಇದೇ ಊರಿನಲ್ಲಿ. 2022ರ ಡಿಸೆಂಬರ್‌ನಲ್ಲಿ ಬಿದ್ದವರು ಮತ್ತೆ ಪಂದ್ಯ ಆಡಿದ್ದು 2024ರ ಮಾರ್ಚ್‌ನಲ್ಲಿ. ಇಬ್ಬರ ಹಿಂದೆಯೂ ದಿನವಿಡೀ ಕೆಲಸ ಮಾಡುವ ಪರಿಣತರ ಪಡೆ ಇತ್ತು. ಅವರ ದಿನಾಂಕಗಳನ್ನು ನಮ್ಮ ಮಕ್ಕಳ ಕಾಲಿಗೆ ಕಟ್ಟಬಾರದು.

ಮೂರನೆಯದು, ರೈಡಿಂಗ್ ಕಡಿಮೆ ಮಾಡಿ ಡಿಫೆನ್ಸ್‌ಗೆ ಹೋಗುವುದು. ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ; ನನಗೆ ಒಪ್ಪಿಗೆಯಿಲ್ಲ. ಪಾದ ಹಿಡಿದು ಎಳೆಯುವಾಗ ತೊಡೆಯ ಹಿಂಭಾಗದ ಸ್ನಾಯುವೇ ದುಡಿಯಬೇಕು, ಸ್ನಾಯುರಜ್ಜು ತೆಗೆದದ್ದು ಅಲ್ಲಿಂದಲೇ. ಕಬಡ್ಡಿಯನ್ನೇ ಬಿಟ್ಟು ಈಜು, ಸೈಕ್ಲಿಂಗ್ ಹಿಡಿಯುವುದು ಕೊನೆಯ ದಾರಿ, ಗೌರವದ ದಾರಿಯೂ ಹೌದು, ಆದರೆ ಅದನ್ನು ಅವಳೇ ಆರಿಸಿಕೊಳ್ಳಬೇಕು.

ಮುಂದಿನ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ ಭಾರದ ವ್ಯಾಯಾಮ: ಲೆಗ್ ಪ್ರೆಸ್, ಹಿಂದಿನ ಕಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಒಂಟಿಕಾಲಿನ ಸ್ಕ್ವಾಟ್, ಲೆಗ್ ಎಕ್ಸ್‌ಟೆನ್ಷನ್, ತೊಡೆಯ ಹಿಂಭಾಗಕ್ಕೂ ಮೀನಖಂಡಕ್ಕೂ ಬೇರೆಬೇರೆ. ಆರರಿಂದ ಎಂಟು ಸಲ ಎತ್ತುವಷ್ಟರಲ್ಲಿ ಸುಸ್ತಾಗುವ ಭಾರವಿರಲಿ, ಅದನ್ನು ಮೂರು–ನಾಲ್ಕು ಸುತ್ತು. ಲೆಗ್ ಎಕ್ಸ್‌ಟೆನ್ಷನ್‌ನಿಂದ ಗ್ರಾಫ್ಟ್ ಸಡಿಲವಾಗುತ್ತದೆ ಎಂಬ ಭಯ ಇನ್ನೂ ಕೇಳಿಬರುತ್ತದೆ. ಮೊದಲ ವಾರಗಳಲ್ಲಿ ಆ ಎಚ್ಚರ ಸರಿ, ಆರನೇ ತಿಂಗಳಲ್ಲಿ ಹಂತಹಂತವಾಗಿ ಭಾರ ಏರಿಸುವವರು ಅದಕ್ಕೆ ಹೆದರಬೇಕಿಲ್ಲ. ಹೊಲಿಗೆ ಹಾಕಿದ ಮೆನಿಸ್ಕಸ್ ಇರುವುದರಿಂದ ಭಾರ ಹೊತ್ತು ಪೂರ್ತಿ ಕುಕ್ಕರುಗಾಲಿಗೆ ಇಳಿಯುವ ಮೊದಲು ಸರ್ಜನ್‌ರನ್ನು ಕೇಳಿ. ಜಿಮ್ ದೂರವಾದರೆ ಬೆನ್ನುಚೀಲದಲ್ಲಿ ಅಕ್ಕಿ ತುಂಬಿ ಮನೆಯಲ್ಲೇ ಶುರುಮಾಡಬಹುದು, ಆದರೆ ಅವಳು ಬೇಗನೆ ಆ ಚೀಲಕ್ಕಿಂತ ಗಟ್ಟಿಯಾಗುತ್ತಾಳೆ, ಆಗಬೇಕು. ಪ್ರತಿದಿನ ಫಿಸಿಯೋ ಬಳಿ ಹೋಗಬೇಕಿಲ್ಲ. ಎರಡು ವಾರಕ್ಕೊಮ್ಮೆ ಹೋಗಿ ಅಳೆಸಿ, ಭಾರ ಏರಿಸಿಕೊಂಡು ಬಂದರೆ ಖರ್ಚೂ ಹಿಡಿತದಲ್ಲಿರುತ್ತದೆ.

ಎಡ ತೊಡೆಯ ಬಲ ಬಲಗಾಲಿನ ಮುಕ್ಕಾಲು ಪಾಲಾದರೂ ಮುಟ್ಟಿದ ಮೇಲೆ ಸೀದಾ ಓಟ. ಆಮೇಲೆ ಎರಡು ಕಾಲಿನ ನೆಗೆತ, ಒಂಟಿಕಾಲಿನ ನೆಗೆತ. ಮುಂಚೆಯೇ ಗೊತ್ತಿರುವ ಜಾಗದಲ್ಲಿ ತಿರುಗುವುದು ಮೊದಲು. ಎದುರಿನವರ ಚಲನೆ ನೋಡಿ ಥಟ್ಟನೆ ತಿರುಗುವುದು ಬಹಳ ನಂತರ. ಮ್ಯಾಟ್ ಮೇಲೆ ಮೊದಲ ವಾರಗಳಲ್ಲಿ ಯಾರೂ ಮುಟ್ಟದ ರೈಡ್, ನಂತರ ಒಬ್ಬರೇ ಮೆಲ್ಲಗೆ ಹಿಡಿಯುವುದು, ನಂತರ ಸರಪಳಿ. 30 ಸೆಕೆಂಡಿನ ಪೂರ್ತಿ ರೈಡ್‌ಗಳನ್ನು ದಣಿದ ಕಾಲಿನಲ್ಲಿ ಮಾಡಿಸಿ ನೋಡದೆ ಪಂದ್ಯಕ್ಕೆ ಬಿಡಬೇಡಿ. ಹಾಂ, ಲೋಕಲ್ ರೈಲು ನಿಲ್ಲುವ ಮೊದಲೇ ಪ್ಲಾಟ್‌ಫಾರ್ಮಿಗೆ ಹಾರಿ ಇಳಿಯುವ ನಮ್ಮೆಲ್ಲರ ಅಭ್ಯಾಸವನ್ನು ಅವಳು ಇಂದೇ ಬಿಡಬೇಕು. ಓಡುವ ವೇಗದಲ್ಲಿ ಒಂಟಿಕಾಲಿನ ಮೇಲೆ ಬಿದ್ದು, ಜನಜಂಗುಳಿ ತಪ್ಪಿಸಲು ಗಕ್ಕನೆ ತಿರುಗುವುದು: ಕಬಡ್ಡಿ ಮ್ಯಾಟ್‌ನಲ್ಲಿ ನಾನು ಒಂಬತ್ತನೇ ತಿಂಗಳವರೆಗೆ ಬೇಡವೆನ್ನುವುದು ಇದನ್ನೇ.

ಇದರ ನಡುವೆ ಮೊಣಕಾಲು ಮತ್ತೆ ಊದಿದರೆ, ಕಾಲು ಕುಸಿದರೆ, ಮಡಚಿದ ಕಾಲು ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ ವ್ಯಾಯಾಮ ನಿಲ್ಲಿಸಿ ಸರ್ಜನ್‌ರನ್ನು ಕಾಣಿ. ಕೋಚ್‌ಗೆ ಬಾಯಿಮಾತಿನಲ್ಲಿ ಹೇಳುವ ಬದಲು ಫಿಸಿಯೋ ಅಳೆದ ಎರಡೂ ಕಾಲಿನ ಅಂಕಿಗಳನ್ನು ಚೀಟಿಯಲ್ಲಿ ಬರೆಸಿ ಕೊಡಿ. ‘ಡಾಕ್ಟರು ಬೇಡ ಎಂದರು’ ಎನ್ನುವುದನ್ನು ಕೋಚ್‌ಗಳು ನೆಪ ಎಂದುಕೊಳ್ಳುತ್ತಾರೆ. ಬಲಗಾಲು ಇಷ್ಟು ಕಿಲೋ, ಎಡಗಾಲು ಇಷ್ಟು ಕಿಲೋ ಎಂದು ಬರೆದಿದ್ದರೆ ವಾದಿಸುವುದು ಕಷ್ಟ.